ಆರು ಸೆಕೆಂಡಿನ ಅಳು

ಹನ್ನೊಂದು ಜನ ಒಟ್ಟಿಗೆ ನಕ್ಕ ಆ ನಗು ನೆನಪಾದರೆ ಇವತ್ತಿಗೂ ಕಿವಿ ಮುಚ್ಚಿಕೊಳ್ಳುತ್ತೇನೆ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಒಂದು ಹಳೆಯ ಒಣಶುಂಠಿ ಗೋದಾಮಿನ ಮಹಡಿಯಲ್ಲಿ ನಮ್ಮ ಕಾರ್ಟೂನ್ ಕಂಪನಿಯ ಕಚೇರಿ. ಗೋಡೆಗೆ ಎಷ್ಟು ಸಲ ಬಣ್ಣ ಬಳಿದರೂ ಶುಂಠಿಯ ಘಾಟು ಹೋಗಿಲ್ಲ. ಅಲ್ಲಿ ಕಿಟಕಿ ಮುಚ್ಚಿ, ಎಸಿ ಹಾಕಿ, ಎಣ್ಣೆ ಜಿನುಗುವ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಮೆಲ್ಲುತ್ತ ನಮ್ಮ ಒಂಬತ್ತನೆಯ ಕಂತನ್ನು ನೋಡುತ್ತಿದ್ದೆವು. ಪರದೆಯ ಮೇಲೆ ಕಲ್ಯಾಣಜ್ಜಿ ಅತ್ತಳು. ಎಲ್ಲರೂ ನಕ್ಕರು. ಒಬ್ಬನಂತೂ ಕುರ್ಚಿಯ ಕೈಗೆ ಗುದ್ದಿ ಗುದ್ದಿ ನಕ್ಕ, ಅವನ ಬಾಯಿಯಿಂದ ಬಾಳೆಹಣ್ಣಿನ ಚೂರು ಮುಂದಿನವನ ಅಂಗಿಗೆ ಸಿಡಿಯಿತು.

ಆ ಅಳು ಕಾರ್ಟೂನ್ ಅಜ್ಜಿಯದಲ್ಲ. ಯಾರದ್ದು, ಯಾವ ಹೊತ್ತಿನದ್ದು ಎಂದು ನನಗೆ ಗೊತ್ತಿತ್ತು.

ನಾನು ವಿಜೇತಾ. ಊರು ಕಾಸರಗೋಡಿನ ಹತ್ತಿರ. ತಿರುವನಂತಪುರಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಅಲ್ಲಿನ ಪಟ್ಟಂ ಬಡಾವಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅನುವಾದಕಿ. ರಜೆಯ ದಿನಗಳಲ್ಲಿ ಬೆಂಗಳೂರಿನ ಒಂದು ಚಾನೆಲ್ಲಿಗಾಗಿ ಕೊಚ್ಚಿಯವರು ಮಾಡುತ್ತಿದ್ದ ಈ ಹಾಸ್ಯ ಕಾರ್ಟೂನಿಗೆ ಸಂಭಾಷಣೆ ಬರೆಯುತ್ತಿದ್ದೆ. ಚಿಕ್ಕಣ್ಣನೆಂಬ ಗುಮಾಸ್ತ, ಹೆಂಡತಿ, ಮಗಳು, ತಾಯಿ ಕಲ್ಯಾಣಜ್ಜಿ. ಒಂದು ಫ್ಲಾಟು, ವಾರಕ್ಕೊಂದು ಅವಾಂತರ.

ಒಂಬತ್ತನೆಯ ಕಂತಿನಲ್ಲಿ ಚಿಕ್ಕಣ್ಣ ದೊಡ್ಡಸ್ತಿಕೆಗೆ ಬಿದ್ದು ಮನೆಯನ್ನು ಸಿನಿಮಾ ಶೂಟಿಂಗಿಗೆ ಬಿಟ್ಟುಕೊಡುತ್ತಾನೆ. ನಾಯಕ ಮಧ್ಯಾಹ್ನವಾದರೂ ಬರುವುದಿಲ್ಲ, ಬಂದವನು ಮುನಿಸಿಕೊಂಡು ಹೋಗುತ್ತಾನೆ. ನಿರ್ದೇಶಕ ಗಂಟೆಗೊಂದು ಕಥೆ ಹೇಳುತ್ತಾನೆ. ಮಳೆ ಬರಿಸುವ ಯಂತ್ರ ಅಡುಗೆಮನೆಯೊಳಗೆ ಸುರಿಯುತ್ತದೆ. ಕೊನೆಗೆ ಲೈಟು ಹೊತ್ತವನ ಕಾಲು ತಾಗಿ ಅಜ್ಜಿಯ ಮಿಡಿ ಉಪ್ಪಿನಕಾಯಿಯ ಭರಣಿ ಒಡೆಯುತ್ತದೆ, ಅಜ್ಜಿ ಅಳುತ್ತಾಳೆ. ಬೆಳಗಿನಿಂದ ನಾಯಕಿಗೆ ಅಳು ಬಾರದೆ ತಲೆಕೆಟ್ಟು ಹೋಗಿದ್ದ ನಿರ್ದೇಶಕ ತಟ್ಟನೆ ಕ್ಯಾಮೆರಾವನ್ನು ಅಜ್ಜಿಯ ಕಡೆ ತಿರುಗಿಸಿ, ಯಾರೂ ಸಮಾಧಾನ ಮಾಡಬೇಡಿ, ಹಾಗೇ ಅಳಲಿ ಎಂದು ಕೂಗುತ್ತಾನೆ. ಸಿನಿಮಾದವರ ನಾಚಿಕೆಗೇಡಿತನವನ್ನು ಬಯಲಿಗೆಳೆಯುತ್ತೇನೆಂದು ಈ ದೃಶ್ಯ ಬರೆದವಳು ನಾನೇ. ಬರೆದು ಎರಡು ದಿನ ಬೀಗಿದ್ದೆ.

ನಮ್ಮ ಕೆಲಸವೇನೂ ಆ ಶೂಟಿಂಗಿಗಿಂತ ನೆಟ್ಟಗಿರಲಿಲ್ಲ. ಮೊದಲಿದ್ದ ನಿರ್ದೇಶಕ ಅರ್ಧದಲ್ಲಿ ಕೈಕೊಟ್ಟ. ಅವನ ಜಾಗಕ್ಕೆ ಬೆಂಗಳೂರಿನಿಂದ ಬಂದ ಧ್ರುವ ಮೂವತ್ತು ದಾಟದ ಹುಡುಗ, ಎಲ್ಲದಕ್ಕೂ ‘ಸಖತ್’ ಎನ್ನುವವನು. ಚಾನೆಲ್ಲಿನವರು ಆನೆ ಬೇಕೆಂದರು, ಆನೆ ಬರೆದ ಮೇಲೆ ಬೇಡವೆಂದರು. ಚಿಕ್ಕಣ್ಣನ ಮಗಳಿಗೆ ಧ್ವನಿ ಕೊಡುವ ಪ್ರತೀಕ್ಷಾ ಎಂಬ ಹತ್ತು ವರ್ಷದ ಹುಡುಗಿ, ಇಲ್ಲಿನ ಕನ್ನಡಿಗರ ಎಲ್ಲ ಮಕ್ಕಳ ಹಾಗೆ, ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥಮಾಡಿಕೊಂಡು ಮಲಯಾಳಂನಲ್ಲಿ ಉತ್ತರ ಕೊಡುತ್ತಿದ್ದಳು. ಅವಳಿಂದ ಒಂದು ಕನ್ನಡ ವಾಕ್ಯ ಹೊರಡಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು.

ಕಾರ್ಟೂನಿನಲ್ಲಿ ಮೊದಲು ಮಾತು, ಆಮೇಲೆ ಚಿತ್ರ. ಮಾತಿನ ಏರಿಳಿತ ಕೇಳಿಕೊಂಡು ತುಟಿ, ಹುಬ್ಬು, ಕೈ ಬರೆಯುತ್ತಾರೆ. ಹೆಸರಿರುವ ಕಲಾವಿದರು ಸಿಗುವ ತನಕ ಕಾಯಲಾಗದೆ, ಹತ್ತಿರದಲ್ಲಿ ಸಿಕ್ಕವರಿಂದ ಮಾತಾಡಿಸಿ ತಾತ್ಕಾಲಿಕ ಧ್ವನಿಯೊಂದನ್ನು ಹಿಡಿದಿಡುವುದು ರೂಢಿ. ಚಿತ್ರ ಮುಗಿದ ಮೇಲೆ ಅದನ್ನು ಅಳಿಸಿ ಕಲಾವಿದರ ಧ್ವನಿ ಕೂರಿಸುತ್ತಾರೆ. ಕಲ್ಯಾಣಜ್ಜಿಯ ತಾತ್ಕಾಲಿಕ ಧ್ವನಿಗೆ ನಾನು ಕರೆತಂದದ್ದು ಪರಮೇಶ್ವರಿಯಕ್ಕನನ್ನು.

ತಿರುವನಂತಪುರದ ಶ್ರೀಕಾರ್ಯಂನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿ ಅವರ ಮನೆ. ಅವರೂ ಕಾಸರಗೋಡಿನ ಕಡೆಯವರೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಹಲೋ ಹೇಳಿ ನಿವೃತ್ತರಾದವರು. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಊರಿನಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದ ತಮ್ಮ ಶ್ರೀಪತಿ. ಇವರೇ ಎತ್ತಿ ಆಡಿಸಿ ಓದಿಸಿದ ತಮ್ಮ.

“ಕಡೆಗೆ ಅಳಿಸಿ ಹಾಕುವ ಸ್ವರ ಅಲ್ವಾ ಮಾರಾಯ್ತಿ? ಹಾಗಾದ್ರೆ ನನಗೆ ಎಂತ ಹೆದರಿಕೆ, ಬರ್ತೇನೆ,” ಎಂದು ನಗುತ್ತಲೇ ಒಪ್ಪಿದ್ದರು.

ಭರಣಿಯ ದೃಶ್ಯ ರೆಕಾರ್ಡ್ ಮಾಡಿದ ದಿನ ಶ್ರೀಪತಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಹೃದಯದ ತೊಂದರೆ ಕಾಣಿಸಿಕೊಂಡಿತ್ತು, ಗುಣವಾಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಪಟ್ಟಂನ ರೆಕಾರ್ಡಿಂಗ್ ಕೋಣೆಯೊಳಗೆ ಫೋನ್ ಒಯ್ಯುವಂತಿಲ್ಲ. ಪರಮೇಶ್ವರಿಯಕ್ಕ ಕೇಳಿಕೊಂಡಾಗ ನಾನೇ ಬಿಟ್ಟೆ. ಆರು ಸಲ ಅತ್ತರು, ಆರೂ ಪೆಚ್ಚು ಪೆಚ್ಚಾಗಿ ಬಂದವು. ಏಳನೆಯದಕ್ಕೆ ನಾನು ಗಾಜಿನ ಈಚೆಯಿಂದ, ಶುರು ಮಾಡಿ ಎಂದು ಕೈ ಎತ್ತಿದೆ. ಅಷ್ಟರಲ್ಲಿ ಫೋನು ಅದುರಿತು.

“ಹ್ಞಾಂ, ಹೇಳು. ಯಾವಾಗ?” ಎಂದರು.

ಆಮೇಲೆ ನನ್ನ ಕಿವಿಯ ಹೆಡ್‌ಫೋನಿನಲ್ಲಿ ಉಸಿರು ಒಳಗೆಳೆದ ಸದ್ದು. ‘ತಮ್ಮಾ’ ಎಂಬ ಒಂದು ಕರೆ. ಅದರ ಹಿಂದೆಯೇ ಮಾತಲ್ಲದ, ಅಳುವೂ ಅಲ್ಲದ ಏನೋ ಒಂದು. ನಾನು ಒಳಗೆ ಓಡಿ ಅವರನ್ನು ಹಿಡಿದುಕೊಂಡೆ. ಅಂದೇ ಸಿಕ್ಕಿದ ರೈಲಿಗೆ ಹತ್ತಿಸಿದೆ. ಅವರು ಊರು ಮುಟ್ಟುವವರೆಗೆ ಶವವನ್ನು ಇಟ್ಟುಕೊಳ್ಳಲಿಲ್ಲವಂತೆ.

ಅದೇ ಆರು ಸೆಕೆಂಡು ಈಗ ಮಟ್ಟಾಂಚೇರಿಯ ಪರದೆಯ ಮೇಲೆ. ಮಿಕ್ಕ ಮಾತೆಲ್ಲ ಬೆಂಗಳೂರಿನ ನಟಿಯದು, ಅಳು ಮಾತ್ರ ನಮ್ಮ ಪರಮೇಶ್ವರಿಯಕ್ಕನದು. ಉಸಿರೆಳೆಯುವಾಗ ಅಜ್ಜಿಯ ಮೂಗಿನ ಹೊಳ್ಳೆ ಬಲೂನಿನಂತೆ ಉಬ್ಬುತ್ತದೆ. ‘ತಮ್ಮಾ’ ಎನ್ನುವಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ, ಮುಚ್ಚಿದ ಸೆರಗಿನಲ್ಲಿ ಎರಡು ಮಾವಿನ ಮಿಡಿ ಅಂಟಿಕೊಂಡಿರುತ್ತವೆ. ಕೊನೆಯ ಆ ಸದ್ದಿಗೆ ಪಿಟೀಲು ಕೀರಲು ದನಿಯಲ್ಲಿ ಜೊತೆಗೂಡುತ್ತದೆ.

ಧ್ರುವನನ್ನು ಮಹಡಿಯ ಮೆಟ್ಟಿಲಿಗೆ ಕರೆದೊಯ್ದು ಕೇಳಿದೆ. “ಅದು ಆ ಹೆಂಗಸಿನ ತಮ್ಮ ಸತ್ತ ಸುದ್ದಿ ಕೇಳಿ ಅತ್ತದ್ದು. ನಿಮಗೆ ಹೇಸಿಗೆ ಅನ್ನುವುದು ಇಲ್ವಾ?”

“ಗೊತ್ತು ಮೇಡಂ, ಫೋನ್ ಬಂದಿದ್ದೂ ರೆಕಾರ್ಡ್ ಆಗಿತ್ತಲ್ಲ. ಅದಕ್ಕೇ ಅಷ್ಟು ರಿಯಲ್ ಆಗಿದೆ,” ಎಂದ ಧ್ರುವ. ಅವನ ಮುಖದಲ್ಲಿ ಕಳ್ಳತನವೇ ಇರಲಿಲ್ಲ. “ನಮ್ಮ ನಟಿ ಹದಿನೆಂಟು ಸಲ ಟ್ರೈ ಮಾಡಿದ್ರು, ಬರ್ಲೇ ಇಲ್ಲ. ಈ ಬಿಟ್‌ನ ಚಾನೆಲ್‌ನೋರು ಪ್ರೋಮೋಗೂ ತಗೊಂಡಿದ್ದಾರೆ. ಮತ್ತೆ ಮೇಡಂ, ಏಳನೇದಕ್ಕೆ ಸುತ್ತು ಹಾಕಿ ಕಳ್ಸಿದ್ದು ನೀವೇ ಅಲ್ವಾ?”

ಹೌದು, ನಾನೇ. ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಪ್ರತಿ ರೆಕಾರ್ಡಿಂಗಿನ ಕೊನೆಗೆ ಒಂದು ಹಾಳೆ ತುಂಬಬೇಕು. ಎಷ್ಟನೆಯ ಸಲದ್ದು ಚೆನ್ನಾಗಿದೆಯೋ ಆ ಅಂಕಿಗೆ ಸುತ್ತು ಹಾಕಬೇಕು, ಕೊಚ್ಚಿಯವರು ಅದನ್ನೇ ಎತ್ತಿಕೊಳ್ಳುತ್ತಾರೆ. ಪರಮೇಶ್ವರಿಯಕ್ಕನನ್ನು ರೈಲು ಹತ್ತಿಸಿ ವಾಪಸು ಬಂದು ಆ ಹಾಳೆಯ ಮುಂದೆ ಕೂತೆ. ಏಳನೆಯದನ್ನು ಹೊಡೆದು ಹಾಕಬಹುದಿತ್ತು. ಅಲ್ಲೇ ಅಳಿಸಿಬಿಡಬಹುದಿತ್ತು. ಬದಲಿಗೆ ಇನ್ನೊಮ್ಮೆ ಹಾಕಿ ಕೇಳಿದೆ. ಎಂಥ ಅಳು! ನಾನು ಬರೆದ ದೃಶ್ಯಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೇಗೂ ತಾತ್ಕಾಲಿಕ, ಹೇಗೂ ಅಳಿಸುತ್ತಾರೆ, ಚಿತ್ರ ಬರೆಯುವವರಿಗೆ ಒಂದು ಒಳ್ಳೆಯ ಅಳು ಕೇಳಿಸಲಿ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡು ಸುತ್ತು ಹಾಕಿದೆ. ಕಣ್ಣೀರು ಒರೆಸಿದ ಕೈಯಲ್ಲೇ ಹಾಕಿದೆ. ನನ್ನ ಕಥೆಯ ನಿರ್ದೇಶಕನನ್ನು ನಾನು ಎಷ್ಟು ಅಸಹ್ಯವಾಗಿ ಬರೆದಿದ್ದೆ! ಅವನಾದರೂ ಎಲ್ಲರ ಎದುರಿಗೆ ಕೂಗಿ ಹೇಳಿ ಮಾಡುತ್ತಾನೆ.

“ಒಂದೇ ಪ್ರಾಬ್ಲಂ,” ಎಂದ ಧ್ರುವ. “ಅಜ್ಜಿಗೆ ತಮ್ಮ ಯಾರೂ ಇಲ್ವಲ್ಲಾ, ಯಾಕೆ ತಮ್ಮಾ ಅಂತಾಳೆ ಅಂತ ಚಾನೆಲ್‌ನೋರು ಕೇಳ್ತಿದ್ದಾರೆ. ಆ ಒಂದು ಮಾತಿನ ಬದ್ಲು ‘ಭರಣೀ’ ಅನ್ನಿಸ್ಬೇಕು. ಬಾಯಿ ಕಾಣಲ್ಲ, ಸೆರಗಿದೆ. ಬುಧವಾರ ನಾನೇ ಪಟ್ಟಂಗೆ ಬರ್ತೀನಿ. ನೀವು ಅಮ್ಮನ್ನ ಕರ್ಕೊಂಡು ಬನ್ನಿ. ನಿಮ್ಮ ಪಕ್ಕದ ಮನೆಯವ್ರಲ್ವಾ?”

ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, “ಕೇಳಿ ನೋಡ್ತೇನೆ,” ಎಂಬ ಮಾತು.

ಕೊಚ್ಚಿಯಿಂದ ರೈಲಿನಲ್ಲಿ ಬರುವಾಗ ಒಂದು ನಿರ್ಧಾರ ಮಾಡಿದೆ. ಮರುದಿನ ಬೆಳಗ್ಗೆ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಡುವುದು. ಅವರು ಬೇಡವೆಂದರೆ ಕಂತಿನಿಂದ ಆ ಅಳು ತೆಗೆಸುವುದು, ತೆಗೆಯದಿದ್ದರೆ ನನ್ನ ಹೆಸರನ್ನೂ ಸಂಭಾಷಣೆಯನ್ನೂ ಹಿಂದಕ್ಕೆ ಪಡೆಯುವುದು.

ಬಾಗಿಲು ತೆರೆದವರೇ, “ಬಾ ವಿಜೇತಾ, ಕೂತ್ಕೋ. ಹಾಲಿಲ್ಲ, ಕಟ್ಟನ್ ಚಾಯ ಆದೀತಲ್ಲ?” ಎಂದು ಒಳಗೆ ಹೋಗಿ ಕಪ್ಪು ಚಹಾ ಮಾಡಿ ತಂದರು. ಆರು ವಾರದಲ್ಲಿ ಇಳಿದು ಹೋಗಿದ್ದರು. ರವಿಕೆ ತೋಳಿನಲ್ಲಿ ಸಡಿಲವಾಗಿತ್ತು.

“ಊರಿನಲ್ಲಿ ನಿಮಗೆ ತುಂಬ ಕಷ್ಟ ಆಯ್ತಾ ಅಕ್ಕಾ?” ಎಂದು ಶುರು ಮಾಡಿದೆ.

“ನಾನು ಹೋಗಿ ಮುಟ್ಟುವಾಗ ಎಲ್ಲ ಮುಗ್ದಿತ್ತು. ಮುಖ ಸಹ ಕಾಣ್ಲಿಕ್ಕೆ ಸಿಗ್ಲಿಲ್ಲ. ಮತ್ತೆ ಬಂದವರಿಗೆ ಚಾ, ಭಟ್ಟರಿಗೆ ಫೋನು, ಅವನ ಹೆಂಡತಿಯನ್ನು ಹಿಡ್ಕೊಂಡು ಕೂರುವುದು. ನಾನು ದೊಡ್ಡವಳಲ್ವಾ, ನಾನೇ ಅತ್ರೆ ಹೇಗೆ?” ಲೋಟವನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ತಿರುಗಿಸಿದರು. “ಹದಿಮೂರು ದಿನ ಅಳ್ಲಿಕ್ಕೆ ಪುರುಸೊತ್ತೇ ಆಗ್ಲಿಲ್ಲ. ಇಲ್ಲಿಗೆ ಬಂದ ಮೇಲೆ ಬರುವುದೂ ಇಲ್ಲ. ಅವನಿಗೆ ಅಂತ ಅತ್ತದ್ದಿದ್ರೆ ನಿಮ್ಮ ಆ ಗಾಜಿನ ಕೋಣೆಯಲ್ಲಿ, ಅಷ್ಟೇ. ನೀನೊಬ್ಳು ಇದ್ದದ್ದು ಒಳ್ಳೆದಾಯ್ತು ಮಾರಾಯ್ತಿ.”

ನಾನು ಲೋಟ ಕೆಳಗಿಟ್ಟೆ. ಇದಾದ ಮೇಲೆ ಹೇಗೆ ಹೇಳಲಿ? ಹೇಳದೆ ಹೇಗೆ ಇರಲಿ? ನಾನು ಹೇಳಿದ್ದು ಇಷ್ಟು: “ಬುಧವಾರ ಒಂದು ಮಾತು ತಿದ್ದಲಿಕ್ಕುಂಟಂತೆ ಅಕ್ಕಾ. ನಿಮ್ಮ ಸ್ವರವೇ ಬೇಕಂತೆ.”

“ಅಳಿಸ್ಲಿಲ್ವಾ ಹಾಗಾದ್ರೆ?” ಎಂದರು. ಆರು ವಾರದಲ್ಲಿ ಮೊದಲ ಸಲ ಅವರ ಮುಖ ಅರಳಿತು. “ಬರ್ತೇನೆ. ಮನೆಯಲ್ಲಿ ಕೂತು ಎಂತ ಮಾಡ್ಲಿ?”

ಥೂ ನನ್ನ ಜನ್ಮಕ್ಕೆ.

ಬುಧವಾರ ಅವರು ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಬಂದರು. ಗಾಜಿನ ಕೋಣೆಯೊಳಗೆ ಹೋಗಿ, ಕನ್ನಡಕ ಸರಿಮಾಡಿಕೊಂಡು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಅವರ ಎದುರಿಗೆ ಚಿಕ್ಕದೊಂದು ಪರದೆ. ನಾನು ಈಚೆ ಕಡೆ ಧ್ರುವನ ಪಕ್ಕದಲ್ಲಿದ್ದೆ. ಹಿಂದಿನ ದಿನ ಫೋನಿನಲ್ಲಿ ಅವನನ್ನು ಎಷ್ಟು ಬೇಡಿಕೊಂಡಿದ್ದೆ, ಹಳೆಯದನ್ನು ಕೇಳಿಸಬೇಡಿ, ಬರೀ ಮಾತು ಹೇಳಿಸಿಕೊಳ್ಳಿ ಎಂದು. ತಲೆಯಾಡಿಸಿದ್ದನೋ ಏನೋ, ಫೋನಿನಲ್ಲಿ ಹೇಗೆ ಕಾಣಬೇಕು?

“ಅಮ್ಮಾ, ಹಳೇದು ಒಂದ್ಸಲ ಹಾಕ್ತೀನಿ ಕೇಳಿ. ಅದೇ ಫೀಲಲ್ಲಿ ‘ಭರಣೀ’ ಅನ್ಬೇಕು,” ಎಂದು ಮೈಕಿನಲ್ಲಿ ಹೇಳಿ ಗುಂಡಿ ಒತ್ತಿದ.

ಪರದೆಯಲ್ಲಿ ಅಜ್ಜಿಯ ಮೂಗು ಉಬ್ಬಿತು. ಸೆರಗು ಏರಿತು. ಮಿಡಿಗಳು ಅಂಟಿಕೊಂಡವು. ಪಿಟೀಲು ಕೀರಲಿಟ್ಟಿತು. ಪರಮೇಶ್ವರಿಯಕ್ಕ ಹೆಡ್‌ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಮತ್ತೆ ಹಾಕಿಕೊಂಡರು.

“ಇನ್ನೊಮ್ಮೆ ಹಾಕಿ,” ಎಂದರು.

ಹಾಕಿದ. ಈ ಸಲ ಅವರು ಪರದೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದರು.

“ಇದನ್ನು ಆರಿಸಿದ್ದು ಯಾರು?”

“ನಮ್ಮ ವಿಜೇತಾ ಮೇಡಮ್ಮೇ! ಅವ್ರ ಕಿವಿ ಅಂದ್ರೆ ಕಿವಿ,” ಎಂದ ಧ್ರುವ, ನನಗೆ ದೊಡ್ಡ ಗೌರವ ಸಲ್ಲಿಸಿದವನಂತೆ.

ಗಾಜಿನ ಆಚೆಯಿಂದ ಅವರು ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಗುರುತು ಸಿಗದವರನ್ನು ನೋಡುವಂತೆ ನೋಡಿದರು. ಆಗಲಾದರೂ ನಾನು ಎದ್ದು ಎಲ್ಲ ನಿಲ್ಲಿಸಬಹುದಿತ್ತು. ಎರಡನೆಯ ಸಲವೂ ನಿಲ್ಲಿಸಲಿಲ್ಲ.

“ಆಯ್ತು, ಶುರು ಮಾಡಿ,” ಎಂದರು.

ಉಸಿರು ಒಳಗೆ ಎಳೆದರು. “ಭರಣೀ,” ಎಂದರು. ಅದೇ ದನಿ, ಅದೇ ಬಿರುಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಧ್ರುವ ಕುರ್ಚಿಯಿಂದ ಎದ್ದೇಬಿಟ್ಟ. “ಸಖತ್ ಅಮ್ಮಾ! ಒಂದೇ ಟೇಕು!” ಎಂದು ಚಪ್ಪಾಳೆ ತಟ್ಟಿದ. ಅವರು ಹೆಡ್‌ಫೋನನ್ನು ಮೊಳೆಗೆ ಸಿಕ್ಕಿಸಿ, ಕೈಚೀಲ ತೆಗೆದುಕೊಂಡು ಹೊರಗೆ ನಡೆದರು.

ರಸ್ತೆಯಲ್ಲಿ ಓಡಿ ಹೋಗಿ ಜೊತೆಗೂಡಿದೆ. ಶಾಲೆ ಬಿಡುವ ಹೊತ್ತು, ಬಸ್ಸುಗಳೆಲ್ಲ ತುಂಬಿದ್ದವು. “ತಪ್ಪಾಯ್ತು ಅಕ್ಕಾ,” ಎಂದೆ. ಅವರು ಬರುತ್ತಿದ್ದ ಆಟೋವೊಂದಕ್ಕೆ ಕೈ ತೋರಿಸಿದರು, ಅದು ನಿಲ್ಲಲಿಲ್ಲ. ಅದು ಸಾಲದೆಂಬಂತೆ ಇನ್ನೂ ಕೀಳಾದ ಮಾತೊಂದನ್ನು ಆಡಿದೆ. “ನೀವಾದರೂ ಆಗುವುದಿಲ್ಲ ಅಂತ ಹೇಳ್ಬಹುದಿತ್ತಲ್ಲ?”

“ಆಗುವುದಿಲ್ಲ ಅಂದ್ರೆ ಅವರು ಅದನ್ನೇ ಹಾಕ್ತಿದ್ರು,” ಎಂದರು ಪರಮೇಶ್ವರಿಯಕ್ಕ, ರಸ್ತೆಯ ಕಡೆಗೇ ನೋಡುತ್ತ. “ನಾನು ತಮ್ಮಾ ಅಂತ ಕರೆಯುವಾಗ ಜನ ನಗ್ತಿದ್ರು. ಅವನನ್ನು ಅಲ್ಲಿ ಬಿಟ್ಟು ಬರ್ಲಿಕ್ಕೆ ನನ್ನಿಂದಾಗ್ಲಿಲ್ಲ. ಈಗ ಅದು ಉಪ್ಪಿನಕಾಯಿಗೆ ಅತ್ತ ಅಳು. ನಗ್ಲಿ ಎಷ್ಟು ಬೇಕಾದ್ರೂ.”

ಖಾಲಿ ಆಟೋವೊಂದು ಬಂದು ನಿಂತಿತು. ಅವರು ಹತ್ತಿದರು. ನಾನೂ ಹತ್ತಲೆಂದು ಕಾಲಿಟ್ಟೆ. ಅವರು ಕೈಚೀಲವನ್ನು ತೊಡೆಯಿಂದ ತೆಗೆದು ಪಕ್ಕದ ಸೀಟಿನ ಮೇಲೆ ಇಟ್ಟರು.

“ನೀವು ಬೇರೆ ಆಟೋ ಮಾಡ್ಕೊಂಡು ಬನ್ನಿ ಮೇಡಂ,” ಎಂದರು. ಆಮೇಲೆ ಆಟೋದವನಿಗೆ ಮಲಯಾಳಂನಲ್ಲಿ, ಶ್ರೀಕಾರ್ಯಂಗೆ, ಒಬ್ಬರೇ ಎಂದು ಹೇಳಿದರು.