ಬಾಣಂತಿಯ ಬಟ್ಟಲು ತುಂಬಿಸಿದ ತಪ್ಪಲೆ

ನಾನು ಒಂದು ಹಿತ್ತಾಳೆ ತಪ್ಪಲೆ. ನಾಗಮಂಗಲದ ಕಂಚುಗಾರರ ಕೇರಿಯಲ್ಲಿ ಸುತ್ತಿಗೆಯ ಏಟು ತಿಂದು ದುಂಡಗಾದವಳು. ಒಳಗೆ ಬೆಳ್ಳಿಯಂಥ ಕಲಾಯಿ. ಚೆಲುವಾಂಬೆಯ ಮದುವೆಯಲ್ಲಿ ಬಳುವಳಿಯಾಗಿ ಅವಳ ಜೊತೆಗೇ ಬಂದೆ. ಅನ್ನಕ್ಕೆ, ಸಾರಿಗೆ ಬೇರೆ ಪಾತ್ರೆಗಳಿದ್ದವು. ನಾನು ಅಕ್ಕಿ ಪಾಯಸಕ್ಕೇ ಮೀಸಲು. ಜಂಬ ಅನ್ನುತ್ತೀರಾ? ಅನ್ನಿ, ಇದೆ!

ಯಾಕಿರಬಾರದು? ಅಕ್ಕಿ ಮೈಗೆ ಕಸುವು, ಹಾಲು ಮೂಳೆಗೆ ಬಲ, ಹೆಸರುಬೇಳೆ ಮಾಂಸಕ್ಕೆ, ಮೇಲೊಂದಿಷ್ಟು ತುಪ್ಪ. ಬೆಲ್ಲ ಮಾತ್ರ ಒಲೆಯಿಂದ ಇಳಿಸಿದ ಮೇಲೆ. ಅವಸರಪಟ್ಟರೆ ಹಾಲು ಒಡೆಯುತ್ತದೆ.

ಚೆಲುವಾಂಬೆಯ ಸೊಸೆ ಇಂದ್ರಾಣಿ ಹೆಣ್ಣು ಹೆತ್ತಾಗ ನನ್ನನ್ನು ಅಟ್ಟಕ್ಕೇರಿಸಿದರು. ಚೆಲುವಾಂಬೆಯ ಅತ್ತೆ ತಿರುಮಲಮ್ಮ ಹಿಡಿದ ಪಟ್ಟು ಬಿಡುವವಳಲ್ಲ. ಬಾಣಂತಿಗೆ ಹಾಲು ಶೀತ, ಬೇಳೆ ವಾಯು. ಮೆಣಸಿನ ಸಾರು, ಹಿಡಿ ಅನ್ನ, ಅಷ್ಟೇ. ಇಂದ್ರಾಣಿ ಎದ್ದರೆ ತಲೆ ಸುತ್ತುತ್ತಿತ್ತು. ಎದೆಹಾಲು ಸಾಲದೆ ಕೂಸು ಅತ್ತೂ ಅತ್ತೂ ಸೊರಗಿತು.

"ತಾಯಿಗೇ ಹೊಟ್ಟೆಗಿಲ್ಲದಿದ್ರೆ ಮಗು ಹೇಗಮ್ಮಾ ಉಳಿಯುತ್ತೆ?" ಎಂದು ಕೂಸನ್ನು ನೋಡಲು ಬಂದ ಡಾಕ್ಟರಮ್ಮ ಗದರಿದರು.

"ನಾನೂ ಹೀಗೇ ಬಾಣಂತನ ಕಳೆದೋಳು. ಸತ್ತೋದ್ನಾ?" ಎಂದಳು ತಿರುಮಲಮ್ಮ.

ಅತ್ತೆಗೆ ಎದುರಾಡುವ ಧೈರ್ಯ ಚೆಲುವಾಂಬೆಗಿರಲಿಲ್ಲ. ಆದರೆ ಪುರುಡು ಕಳೆದ ಮೊದಲ ಶುಕ್ರವಾರ ನನ್ನನ್ನು ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಪಾಯಸ ಮಾಡಿ ದೇವರ ಮುಂದಿಟ್ಟಳು. ನೈವೇದ್ಯವಾದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಪಥ್ಯವಿಲ್ಲ, ಬೇಡ ಅನ್ನುವ ಹಾಗೂ ಇಲ್ಲ. ದೊಡ್ಡ ಬಟ್ಟಲು ತುಂಬಿ ಸೊಸೆಯ ಕೈಗಿಟ್ಟಳು. ಭಲೇ ನನ್ನ ಚೆಲುವಾಂಬೆ!

"ಪ್ರಸಾದ ಅಂದ್ರೆ ಒಂದು ಚಮಚ ಕಣೇ!" ಮುದುಕಿ ಸಿಡುಕಿದಳು.

"ದೇವರಿಗೆ ಇಟ್ಟಿದ್ದೇ ಅಷ್ಟು ಅತ್ತೆ, ನಾನೇನು ಮಾಡ್ಲಿ?"

ಇಂದ್ರಾಣಿ ಗಬಗಬನೆ ತಿಂದಳು. ತಿನ್ನುತ್ತಲೇ ಅತ್ತಳು. ಮುದುಕಿ ನೋಡುತ್ತಲೇ ಇದ್ದಳು.

"ತಳದಲ್ಲಿರೋದನ್ನೂ ಕೆರೆದು ಹಾಕೇ," ಎಂದಳು ಕೊನೆಗೆ. "ನನಗೆ ಯಾರೂ ಹೀಗೆ ಇಡಲಿಲ್ಲ."

ಅಂದಿನಿಂದ ಆ ಮನೆಯ ದೇವರಿಗೆ ದಿನಾ ಪಾಯಸ. ಕೂಸಿನ ಕೆನ್ನೆ ತುಂಬಿತು.

ಈಗ ನನ್ನ ಕಲಾಯಿ ಹೋಗಿದೆ, ಹಾಕುವವರೂ ಬರುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದೇನೆ. ಆ ಕೂಸೇ ಈಗ ಬಾಣಂತಿಯಾಗಿ ತವರಲ್ಲಿದ್ದಾಳೆ. ಪಾಯಸ ಕುಕ್ಕರಿನಲ್ಲಿ ಬೆಂದರೂ ಹದ ನನ್ನದೇ ಬಿಡಿ.

"ನೈವೇದ್ಯ ಆಯ್ತಾ ಅಮ್ಮ?" ಎಂದು ಅವಳು ಕೇಳಿದಳು.

ಇಂದ್ರಾಣಿ ಬಟ್ಟಲು ತುಂಬ ಬಡಿಸಿದಳು. "ದೇವರಿಗೆ ಆಮೇಲೆ ಇಡೋಣ. ಮೊದಲು ನೀನು ತಿನ್ನು."