ಕುಬೇರಪ್ಪನ ಎಲಿ

ಬಿ.ಎ. ಪಾಸಾದ ಮೇಲೆ ಎಂಟು ತಿಂಗಳು ನಾನು ಅರ್ಜಿ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಧಾರವಾಡಕ್ಕೆ ಬರೆದೆ, ಬೆಳಗಾವಿಗೆ ಬರೆದೆ, ಒಮ್ಮೆ ಪುಣೆಗೂ ಬರೆದೆ. ಇಂಗ್ಲಿಷಿನಲ್ಲಿ ನನ್ನಷ್ಟು ವಿನಯವಂತ ಇಡೀ ಮುಂಬಯಿ ಪ್ರಾಂತದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಕಡೆಗೆ ಕೆಲಸ ಸಿಕ್ಕಿದ್ದು ಹುಬ್ಬಳ್ಳಿಯಲ್ಲೇ, ಕಮರಿಪೇಟೆಯ ನಮ್ಮ ಮನೆಯಿಂದ ಎರಡು ಮೈಲಿ ದೂರದ ನೂಲಿನ ಗಿರಣಿಯಲ್ಲಿ. ನಮ್ಮ ಅಬ್ಬಾ ದಸ್ತಗೀರಸಾಬ ಅಲ್ಲಿ ಹದಿನೆಂಟು ವರ್ಷದಿಂದ ಫಿಟರ್ ಆಗಿದ್ದ. ಅದು ಮೂವತ್ತೇಳನೆಯ ಇಸವಿ.

ನನ್ನದು ಟೈಮ್‌ಕೀಪರ್ ಹುದ್ದೆ. ಗಿರಣಿಯ ಬಾಗಿಲ ಪಕ್ಕದ ಕೋಣೆಯಲ್ಲಿ ಕೂರಬೇಕು. ಬೆಳಿಗ್ಗೆ ಪ್ರತಿಯೊಬ್ಬ ಕೆಲಸಗಾರನೂ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಒಳಗೆ ಹೋಗುತ್ತಾನೆ. ಅದನ್ನು ಹಲಗೆಯ ಮೊಳೆಗೆ ತೂಗುಹಾಕಬೇಕು, ಸಂಜೆ ವಾಪಸು ಕೊಡಬೇಕು. ಕೆಲಸ ಶುರುವಾಗುವ ಸೈರನ್ನು, ಭೋಂಗಾ, ಕೂಗಿದ ಕೂಡಲೇ ಕಿಟಕಿ ಮುಚ್ಚಬೇಕು. ಯಾರ ಮೊಳೆ ಖಾಲಿಯೋ ಅವನು ಆ ದಿನ ಗೈರು. ಇಷ್ಟಕ್ಕೆ ಬಿ.ಎ. ಯಾಕೆ ಬೇಕಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

ಕೆಲಸ ಕೊಡುವಾಗ ಮ್ಯಾನೇಜರ್ ಸಾಹೇಬರು ಕೇಳಿದ್ದರು:

"ನಿಮ್ಮ ತಂದಿಯವರು ಇಲ್ಲೇ ಫಿಟರ್ ಇದ್ದಾರಂತಲ್ಲ?"

"ಹೌದ್ರಿ, ಸರ್."

"ಕಿಟಕಿ ಮುಂದ ಅವರೂ ಒಂದು ನಂಬರ್ ಅಷ್ಟ. ಮೂರು ತಿಂಗಳು ನಿಮ್ಮ ಕೆಲಸ ನೋಡತೇವಿ, ಆಮ್ಯಾಲೆ ಕಾಯಂ."

ನಾನು ನಿಯಮದ ಪುಸ್ತಕವನ್ನು ಪರೀಕ್ಷೆಗೆ ಓದುವವನ ಹಾಗೆ ಬಾಯಿಪಾಠ ಮಾಡಿದೆ. ಆದರೆ ಪುಸ್ತಕದಲ್ಲಿ ಇಲ್ಲದ ಒಂದು ಪದ್ಧತಿ ಆ ಗಿರಣಿಯಲ್ಲಿತ್ತು. ನನಗಿಂತ ಮೊದಲು ಟೈಮ್‌ಕೀಪರ್ ಆಗಿದ್ದ ಕುಬೇರಪ್ಪ ಭೋಂಗಾ ಕೂಗಿದ ಮೇಲೆ ಸಂಚಿ ಬಿಚ್ಚಿ, ವೀಳ್ಯದೆಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆಯೇ ಕಿಟಕಿಗೆ ಕೈ. ಇದಕ್ಕೆ ಐದು ನಿಮಿಷ ಹಿಡಿಯುತ್ತಿತ್ತು. ಬೆಂಗೇರಿ ಕಡೆಯಿಂದ ನಡೆದು ಬರುವವರು ಅಷ್ಟರಲ್ಲಿ ಒಳಗೆ ಸೇರಿಕೊಳ್ಳುತ್ತಿದ್ದರು. ಮ್ಯಾನೇಜರ್ ಸಾಹೇಬರಿಗೂ ಇದು ಗೊತ್ತಿತ್ತು, ಅವರು ಕಂಡೂ ಕಾಣದಂತೆ ಇರುತ್ತಿದ್ದರು.

"ಇವತ್ತ ಕುಬೇರಪ್ಪನ ಎಲಿ ನನ್ನ ಉಳಿಸ್ತು ನೋಡು," ಎಂದು ಅಬ್ಬಾ ಎಂದಾದರೊಮ್ಮೆ ಸಂಜೆ ಬಂದು ಹೇಳುತ್ತಿದ್ದ. ಆಗ ನನಗೆ ಏಳೋ ಎಂಟೋ ವರ್ಷ. ಕಾಗದದ ಚೂರನ್ನು ಎಲೆಯಂತೆ ಮಡಿಚಿ, ಕಣ್ಣು ಮುಚ್ಚಿ ಅಗಿದಂತೆ ಮಾಡಿ, ಗೋಡೆಗೂಡಿನ ಬಾಗಿಲನ್ನು ಪಟ್ಟನೆ ಮುಚ್ಚಿ ತೋರಿಸುತ್ತಿದ್ದೆ. ಅಬ್ಬಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನಾನು ಕೆಲಸಕ್ಕೆ ಸೇರಿದ ವರ್ಷ ಗಿರಣಿಯ ಹೆಡ್ ಫಿಟರ್ ನಿವೃತ್ತನಾಗುವವನಿದ್ದ. ಆ ಜಾಗಕ್ಕೆ ಎರಡೇ ಹೆಸರು: ಅಬ್ಬಾ, ಇನ್ನೊಬ್ಬ ಅವನ ಗೆಳೆಯ ಸಿದ್ದಪ್ಪ. ಕೈಗೆಲಸದಲ್ಲಿ ಇಬ್ಬರೂ ಸರಿಸಮ, ನೌಕರಿಯಲ್ಲಿ ಸಿದ್ದಪ್ಪ ಒಂದು ವರ್ಷ ಹಿರಿಯ. ಆದರೆ ಹದಿನೆಂಟು ವರ್ಷದಲ್ಲಿ ಅಬ್ಬಾನ ಹೆಸರಿಗೆ ಒಂದೂ ಗೈರು ಇರಲಿಲ್ಲ. ನಮ್ಮ ಅಮ್ಮ ಖಾತುನಬಿ ಆಗಲೇ ನೆರೆಯವರ ಎದುರು "ಹೆಡ್ ಫಿಟರ್ ಮನ್ಯಾಗ" ಎಂದು ಮಾತು ಶುರುಮಾಡಿಬಿಟ್ಟಿದ್ದಳು.

ನನ್ನ ಮೊದಲ ದಿನ ಅಬ್ಬಾ ನಸುಕಿನಲ್ಲೇ ಎದ್ದು ಹೊರಟ. ಮಗನಿಗೆ ನೌಕರಿಯಾದರೆ ದರ್ಗಾದಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸುತ್ತೇನೆಂದು ಹರಕೆ ಹೊತ್ತಿದ್ದ. ಓದಿಸಿದ ಸಕ್ಕರೆಯನ್ನು ದಾರಿಯಲ್ಲಿ ಸಿಕ್ಕ ಪರಿಚಯದವರಿಗೆಲ್ಲ ಒಂದೊಂದು ಚಿಟಿಕೆ ಕೊಡದೆ ಮುಂದೆ ಹೋಗುವಂತಿಲ್ಲ. ಅಬ್ಬಾನಿಗೋ ಹಾದಿಬೀದಿಯೆಲ್ಲ ಪರಿಚಯ. ಪ್ರತಿಯೊಬ್ಬರಿಗೂ "ನಮ್ಮ ಹುಡುಗ ಇವತ್ತಿಂದ ಟೈಮ್‌ಕೀಪರ್" ಎಂದು ಹೇಳುತ್ತ ಬಂದಿದ್ದಾನೆ.

ಭೋಂಗಾ ಕೂಗಿತು. ಮ್ಯಾನೇಜರ್ ಸಾಹೇಬರು ನನ್ನ ಹಿಂದೆ ನಿಂತಿದ್ದರು. ಗಡಿಯಾರ ನೋಡಿ, ಹಲಗೆ ನೋಡಿ, ತಲೆಯಾಡಿಸಿ ಹೊರಟರು. ಹಲಗೆಯಲ್ಲಿ ಇನ್ನೂರ ಹದಿನಾಲ್ಕನೆಯ ಮೊಳೆ, ಅಬ್ಬಾನದು, ಖಾಲಿಯಿತ್ತು. ಅಷ್ಟರಲ್ಲಿ ಅಬ್ಬಾ ರಸ್ತೆಯ ತಿರುವಿನಲ್ಲಿ ಕಂಡ. ಓಡುತ್ತಿರಲಿಲ್ಲ, ನಡೆದೇ ಬರುತ್ತಿದ್ದ. ಎಲೆಯ ಐದು ನಿಮಿಷದ ಮೇಲೆ ಅವನಿಗೆ ಅಷ್ಟು ಭರವಸೆ. ಸಕ್ಕರೆ ಕಟ್ಟಿದ ಕರವಸ್ತ್ರವನ್ನು ನನ್ನತ್ತ ಎತ್ತಿ ತೋರಿಸಿದ.

ನಾನು ಕಿಟಕಿ ಮುಚ್ಚಿ ಚಿಲಕ ಹಾಕಿದೆ.

"ಬಂದೇನವಾಜ, ನಾನಪಾ," ಎಂದು ನನ್ನ ಹೆಸರು ಹಿಡಿದು ಹೊರಗಿನಿಂದ ಅಬ್ಬಾನ ದನಿ ಬಂತು. ನಾನು ಚಿಲಕ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ದನಿ ಮೆಲ್ಲಗೆ, "ಎರಡನೂರಾ ಹದಿನಾಲ್ಕರಿ, ಸಾಹೇಬ್ರ," ಎಂದಿತು. ಆಗಲೂ ತೆಗೆಯಲಿಲ್ಲ. ಸಾಹೇಬರು ಹಿಂದೆ ಇದ್ದರು, ಹೆದರಿದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವರ ಬೆನ್ನು ಆಗಲೇ ಮಹಡಿಯ ಮೆಟ್ಟಿಲ ಮೇಲಿತ್ತು, ನಾನು ಕಣ್ಣಾರೆ ನೋಡಿದ್ದೆ. ಅಪ್ಪನನ್ನೂ ಬಿಡದ ಟೈಮ್‌ಕೀಪರ್ ಎಂದು ಗಿರಣಿಯೆಲ್ಲ ಮಾತಾಡಲಿ ಎಂಬ ಆಸೆ ನನಗಿತ್ತು.

ಸಂಜೆ ಮನೆಗೆ ಹೋದಾಗ ಅಮ್ಮ ಬೆಂಕಿಯಾಗಿದ್ದಳು. ಅಬ್ಬಾನೇ ಅವಳನ್ನು ಸುಮ್ಮನಾಗಿಸಿದ.

"ಅವಗ ಎಲಿ ಪದ್ಧತಿ ಹೆಂಗ ಗೊತ್ತಿರತೈತಿ? ಪುಸ್ತಕದಾಗ ಬರದಿಲ್ಲ. ಹುಡುಗನ ಮ್ಯಾಲ ಸಿಟ್ಟಾಗಬ್ಯಾಡ."

"ಹೌದು ಅಬ್ಬಾ, ನನಗ ಗೊತ್ತಿರಲಿಲ್ಲ," ಎಂದೆ. ಎಷ್ಟು ಸಲೀಸಾಗಿ ಅಂದೆ ಎಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ. ಅಬ್ಬಾ ಕರವಸ್ತ್ರ ಬಿಚ್ಚಿ ಉಳಿದಿದ್ದ ಸಕ್ಕರೆಯನ್ನು ನನ್ನ ಅಂಗೈಗೆ ಹಾಕಿದ. ತಿಂದೆ.

ಎರಡು ದಿನ ಬಿಟ್ಟು ಸಿದ್ದಪ್ಪ ಕಾಕಾ ಕಿಟಕಿಗೆ ಬಂದ.

"ತಮ್ಮಾ, ಸಾಹೇಬ್ರ ಮುಂದ ಒಂದು ಮಾತು ಹೇಳು. ಪದ್ಧತಿ ಗೊತ್ತಿರಲಿಲ್ಲರಿ, ತಪ್ಪು ನಂದು ಅನ್ನು. ಆ ಗೈರು ಹೊಡದ ಹಾಕ್ತಾರ. ಹಿಂಗ ಸಿಕ್ಕ ಜಾಗಾ ನನಗೂ ಬ್ಯಾಡ."

"ಹೇಳ್ತೇನ್ರಿ ಕಾಕಾ," ಎಂದೆ.

ಎರಡು ಸಲ ಮಹಡಿ ಹತ್ತಿ ಸಾಹೇಬರ ಬಾಗಿಲ ತನಕ ಹೋದೆ. ಮೊದಲ ವಾರದಲ್ಲೇ ತಪ್ಪು ಮಾಡಿದವನನ್ನು ಕಾಯಂ ಮಾಡುತ್ತಾರೆಯೇ ಎಂದು ಎರಡು ಸಲವೂ ಇಳಿದು ಬಂದೆ. ಮೂರು ತಿಂಗಳಿಗೆ ಸಿದ್ದಪ್ಪ ಹೆಡ್ ಫಿಟರ್ ಆದ. ಅದೇ ವಾರ ನಾನು ಕಾಯಂ ಆದೆ. ಸಿದ್ದಪ್ಪನಿಗೆ ಹೂವಿನ ಹಾರ ತಂದು ಹಾಕಿದವನು ಅಬ್ಬಾ.

ಕಾಯಂ ಆದ ಮರುದಿನ ನಾನೂ ಒಂದು ಸಂಚಿ ಕೊಂಡೆ. ಎಲೆ ತಿಂದು ಗೊತ್ತಿಲ್ಲದವನು, ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟುಕೊಂಡೆ. ಆದರೂ ಬಿಡಲಿಲ್ಲ. ಭೋಂಗಾ ಆದ ಮೇಲೆ ಐದು ನಿಮಿಷ, ಕೆಲವೊಮ್ಮೆ ಆರು ನಿಮಿಷ ಎಲೆ ಮಡಿಚುತ್ತ ಕೂತೆ. ತಡವಾಗಿ ಬಂದವರು ನನಗೆ ಕೈಮುಗಿದು ಒಳಗೆ ಹೋಗುತ್ತಿದ್ದರು, ಒಳ್ಳೆಯವನೆಂದು ಹೆಸರೂ ಬಂತು. ಅಬ್ಬಾ ಮಾತ್ರ ಆ ಐದು ನಿಮಿಷವನ್ನು ಒಂದು ದಿನವೂ ಬಳಸಲಿಲ್ಲ. ಮಳೆಯಿರಲಿ, ಜ್ವರವಿರಲಿ, ಭೋಂಗಾಕ್ಕಿಂತ ಕಾಲುಗಂಟೆ ಮೊದಲೇ ಕಿಟಕಿಗೆ ಬಂದು, "ಎರಡನೂರಾ ಹದಿನಾಲ್ಕರಿ, ಸಾಹೇಬ್ರ," ಎಂದು ಬಿಲ್ಲೆ ಕೊಟ್ಟು ಹೋಗುತ್ತಿದ್ದ. ಮನೆಯಲ್ಲಿ ನಾನು ಬಂದೇನವಾಜ, ಕಿಟಕಿಯಲ್ಲಿ ಸಾಹೇಬ. ಹಾಗೆ ಕರೆಯಬೇಡ ಎನ್ನುವ ಧೈರ್ಯ ನನಗೆ ಆಗಲಿಲ್ಲ.

ಒಂಬತ್ತು ವರ್ಷ ಹೀಗೇ ನಡೆಯಿತು. ಅವನ ನೌಕರಿಯ ಕಡೆಯ ದಿನ ಸಂಜೆ, ಬಿಲ್ಲೆ ವಾಪಸು ಒಪ್ಪಿಸಲು ಬಂದ. ಹಿಂದೆ ಮುಂದೆ ಯಾರೂ ಇರಲಿಲ್ಲ. ನನ್ನ ಮೇಜಿನ ಮೇಲಿದ್ದ ಸಂಚಿಯನ್ನು ನೋಡಿದ.

"ನೀ ಸಣ್ಣಾಂವ ಇದ್ದಾಗ ಕುಬೇರಪ್ಪನ್ನ ಬಾಳ ಛಲೋ ನಕಲು ಮಾಡತಿದ್ದಿ. ಕಾಗದದ ಎಲಿ ಮಡಚಿ. ನೆನಪೈತೇನು?"

ನಾನು ಸಂಚಿಯನ್ನು ನನ್ನತ್ತ ಎಳೆದುಕೊಂಡೆ.

"ಐತಿ, ಅಬ್ಬಾ," ಎಂದೆ.

ಅವನು ತಲೆಯಾಡಿಸಿದ. ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟ.

"ಎರಡನೂರಾ ಹದಿನಾಲ್ಕರಿ, ಸಾಹೇಬ್ರ," ಎಂದು ಮನೆಯ ಕಡೆ ನಡೆದ.