ಮೂರು ಗಂಟೆಯ ಬಾಗಿಲು

ತಲೆಗೆ ಟವೆಲ್ ಹೊದ್ದು ಜನಾಜಾದ ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ ಸೊಣ್ಣಪ್ಪನಿಗೆ ಗಫಾರ್ ಕೈ ಅಡ್ಡ ಹಿಡಿದ.

“ಒಸಿ ತಡೀರಿ. ನಮ್ ಭಾವನ್ ಮೇಲೆ ಮೂಗರ್ಜಿ ಹಾಕ್ದೋರು ಯಾರು? ಅಂಚೆ ಕಚೇರಿಯೋರಿಗೆ ಗೊತ್ತಿರ್ಬೇಕಲ್ಲ?”

“ನಂಗೇನ್ ಗೊತ್ತು ಸಾಬ್ರೇ? ಹೆಸ್ರಿಲ್ದ ಅರ್ಜಿ.”

ಗಫಾರ್ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ನೆಲಮಂಗಲದ ಆ ಓಣಿಯಲ್ಲಿ ಅಂದು ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಲ್ಲೇ ನೋಡುತ್ತಿದ್ದರು. ಗಫಾರನ ಭಾವ, ಅಂಚೆಯ ಕಲೀಮುಲ್ಲಾ, ಕೆಲಸ ಕಳೆದುಕೊಂಡ ಹತ್ತನೇ ದಿನಕ್ಕೆ ಸತ್ತಿದ್ದ.

*

ಯುದ್ಧದ ಕಾಲ. ದೀಪಾವಳಿ ಹೊತ್ತಿಗೆ ಊರಿಗೆ ನುಗ್ಗಿದ ಮಲೇರಿಯಾ ಅಂಚೆ ಕಚೇರಿಯನ್ನು ಗುಡಿಸಿ ಹಾಕಿತು. ಪೋಸ್ಟ್ ಮಾಸ್ತರರಿಂದ ಹಿಡಿದು ಪೋಸ್ಟ್‌ಮ್ಯಾನ್ ಸೊಣ್ಣಪ್ಪನವರೆಗೆ ಎಲ್ಲರೂ ಹಾಸಿಗೆ ಹಿಡಿದರು. ನಿಂತವನು ಕಲೀಮುಲ್ಲಾ ಒಬ್ಬನೇ. ಮುದ್ರೆ ಒತ್ತುವವನೂ ಅವನೇ, ಶಿವಗಂಗೆ ದಾರಿಯ ಹಳ್ಳಿಗಳಿಗೆ ಕಾಗದ ಹೊರುವವನೂ ಅವನೇ. ಮಗನನ್ನು ಯುದ್ಧಕ್ಕೆ ಕಳಿಸಿದ್ದ ಲಕ್ಷ್ಮಯ್ಯ ದಿನವೂ ಕಿಟಕಿಯ ಮುಂದೆ ಕಾಯುತ್ತಿದ್ದ.

ಸಿಬ್ಬಂದಿಗೆ ಸರ್ಕಾರ ತಲಾ ಒಂದು ಪೊಟ್ಟಣ ಕ್ವಿನೈನ್ ಮಾತ್ರೆ ಕೊಟ್ಟಿತ್ತು. ಸೊಣ್ಣಪ್ಪನ ಜ್ವರ ಅದಕ್ಕೆ ಬಗ್ಗಲಿಲ್ಲ. ಕಲೀಮುಲ್ಲಾ ಇನ್ನೊಂದು ಪೊಟ್ಟಣ ತಂದುಕೊಟ್ಟ.

“ತಗೊಳಪ್ಪಾ. ನಂಗೇನು, ಕಲ್ಲಿದ್ದಂಗಿದೀನಿ.”

ಜ್ವರ ಇಳಿಯಿತು, ಸೊಣ್ಣಪ್ಪನ ತಲೆಗೆ ಹುಳ ಹೊಕ್ಕಿತು. ಎಲ್ಲೂ ಸಿಗದ ಮಾತ್ರೆ ಇವನಿಗೆ ಎಲ್ಲಿಂದ ಬಂತು? ಊರೆಲ್ಲ ಮಲಗಿದರೂ ಇವನೊಬ್ಬ ಹೇಗೆ ನಿಂತಿದ್ದಾನೆ? ಇನ್ನೂ ತ್ರಾಣವಿಲ್ಲದೆ ಕಚೇರಿಯ ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವನಿಗೆ ಇನ್ನೊಂದು ಸಂಗತಿ ಕಂಡಿತು. ದಿನ ಬಿಟ್ಟು ದಿನ ಸರಿಯಾಗಿ ಮೂರಕ್ಕೆ ಕಚೇರಿಯ ಬಾಗಿಲು ಬೀಳುತ್ತಿತ್ತು. ತಟ್ಟಿದರೆ ಉತ್ತರವಿಲ್ಲ, ಒಳಗೆ ಚೀಲ ಸರಿದಾಡುವ ಸದ್ದು ಮಾತ್ರ.

ಕಳ್ಳ, ಊರಿಗೆ ಬಂದ ಮಾತ್ರೆಯನ್ನೆಲ್ಲ ಬಚ್ಚಿಟ್ಟಿದ್ದಾನೆ ಎಂದುಕೊಂಡ ಸೊಣ್ಣಪ್ಪ, ಅಕ್ಷರ ಗುರುತು ಸಿಗದಂತೆ ಎಡಗೈಯಲ್ಲಿ ಬೆಂಗಳೂರಿಗೆ ಅರ್ಜಿ ಬರೆದ. ಆ ಲಕೋಟೆಗೆ ಮುದ್ರೆ ಒತ್ತಿ ಕಳಿಸಿದವನೂ ಕಲೀಮುಲ್ಲಾನೇ.

ತನಿಖೆಗೆ ಬಂದ ಸಾಹೇಬರು ಬಾಗಿಲು ಹಾಕುವುದು ನಿಜವೇ ಎಂದು ಕೇಳಿದರು. ಕಲೀಮುಲ್ಲಾ ಹೌದು ಎಂದ, ಯಾಕೆಂದು ಹೇಳಲಿಲ್ಲ. ಅಂದೇ ಅವನ ಕೆಲಸ ಹೋಯಿತು.

*

“ಸೊಣ್ಣಪ್ಪಣ್ಣ ಬಂದವ್ರಾ?” ಪರದೆಯ ಹಿಂದಿನಿಂದ ಕಲೀಮುಲ್ಲಾನ ಹೆಂಡತಿ ಅಖ್ತರ್ ಬೇಗಂ ಕೇಳಿದಳು. ಒಗೆದು ಮಡಿಸಿದ ಎರಡು ಖಾಲಿ ಅಂಚೆ ಚೀಲಗಳು ಹೊರಗೆ ಬಂದವು. “ಸರ್ಕಾರದ್ದು. ನಿಮ್ ಕೈಗೇ ಕೊಡು ಅಂದಿದ್ರು.”

“ಇವು ಮನೇಗೆ ಯಾಕ್ ಬಂದ್ವಮ್ಮಾ?”

“ಬೆವ್ರು ನಾತ ಅಂತ ಒಗೆಯೋಕೆ ತಂದಿದ್ರು. ದಿನ ಬಿಟ್ ದಿನ ಮೂರು ಗಂಟೆಗೆ ಚಳಿ ಬಂದ್ಬಿಡ್ತಿತ್ತು, ಬಾಗ್ಲು ಹಾಕ್ಕೊಂಡು ಇವನ್ನೇ ಹೊದ್ಕೊಂಡು ನಡುಗೋರು. ನಾನೂ ಮಲಗಿದ್ರೆ ಅಂಚೆ ಮುಚ್ಬಿಡ್ತಾರೆ, ಯಾರ್ಗೂ ಹೇಳ್ಬೇಡ ಅಂತಿದ್ರು.”

ಸೊಣ್ಣಪ್ಪ ಚೀಲ ಹಿಡಿದೇ ಕೇಳಿದ, “ಮಾತ್ರೆ?”

“ಅವರ ಪಾಲಿಂದು ನಿಮಗೇ ಕೊಟ್ರಲ್ಲಾ.”

ಗಫಾರನ ಮುಖ ಸಡಿಲವಾಯಿತು. ಪಕ್ಕಕ್ಕೆ ಸರಿದು ಜಾಗ ಮಾಡಿದ. “ತಪ್ಪು ತಿಳ್ಕೊಂಡೆ. ಬನ್ನಿ, ಹೆಗಲು ಕೊಡಿ.”

ಸೊಣ್ಣಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ಬ್ಯಾಡಿ ಸಾಬ್ರೇ. ಆ ಅರ್ಜಿ ನಂದೇ.”

ಯಾರೂ ಬೈಯಲಿಲ್ಲ. ಅವನಿಗೆಂದು ಬಿಟ್ಟಿದ್ದ ಜಾಗಕ್ಕೆ ಲಕ್ಷ್ಮಯ್ಯ ಬಂದು ಹೆಗಲು ಕೊಟ್ಟ. ಜನಾಜಾ ಓಣಿಯ ತಿರುವು ದಾಟಿತು. ಸೊಣ್ಣಪ್ಪ ಖಾಲಿ ಚೀಲಗಳನ್ನು ಹೆಗಲಿಗೇರಿಸಿಕೊಂಡು, ಬಿಸಿಲಿನಲ್ಲಿ ಒಬ್ಬನೇ, ದೂರದಿಂದ ಹಿಂದೆ ಹಿಂದೆಯೇ ನಡೆದ.